ಕ್ಷಿಪಣಿ ಅದೇ, ದೋಣಿ ಮಾತ್ರ ಹೊಸದೇಕೆ?

ಪ್ರಶ್ನೆ: ಅಮೆರಿಕ ಮತ್ತು ಬ್ರಿಟನ್ ಬ್ಯಾಲಿಸ್ಟಿಕ್ ಕ್ಷಿಪಣಿ ಹೊರುವ ಹೊಸ ಪೀಳಿಗೆಯ ಜಲಾಂತರ್ಗಾಮಿಗಳನ್ನು ಕಟ್ಟುತ್ತಿವೆ. ಆದರೆ ಅವು ಹೊರುವುದು ಈಗಿರುವ ಟ್ರೈಡೆಂಟ್ ಕ್ಷಿಪಣಿಯನ್ನೇ ಎಂದು ಓದಿದೆ. ಕ್ಷಿಪಣಿ ಬದಲಾಗದಿದ್ದರೆ ಇಷ್ಟೊಂದು ಹಣ ಸುರಿದು ದೋಣಿ ಬದಲಿಸುವುದೇಕೆ? ಅದಕ್ಕೆ ಇಷ್ಟು ವರ್ಷ ಏಕೆ ಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನೀವು ಓದಿದ್ದು ನಿಜ. ಅಮೆರಿಕದ ಕೊಲಂಬಿಯಾ, ಬ್ರಿಟನ್ನಿನ ಡ್ರೆಡ್‌ನಾಟ್ ಎರಡೂ ಹೊರಲಿರುವುದು 1990ರಲ್ಲಿ ಸೇವೆಗೆ ಬಂದ ಟ್ರೈಡೆಂಟ್ ಡಿ5 ಕ್ಷಿಪಣಿಯ ಸುಧಾರಿತ ರೂಪವನ್ನೇ. ಕ್ಷಿಪಣಿಯನ್ನು ಕೊಳವೆಯಿಂದ ಮೇಲೆತ್ತಿ, ಬಿಚ್ಚಿ, ಒಳಗಿನ ಭಾಗ ಬದಲಿಸಿ ಮತ್ತೆ ಇಳಿಸಬಹುದು. ದೋಣಿಯ ಉಕ್ಕಿನ ಒಡಲನ್ನು ಹಾಗೆ ಬದಲಿಸಲು ಬರುವುದಿಲ್ಲ. ಮುಪ್ಪು ಬರುವುದು ಆ ಒಡಲಿಗೆ.

ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿದಾಗ ನೀರಿನ ಮಟ್ಟ 130 ಅಡಿ, ಹೆಚ್ಚುಕಡಿಮೆ 40 ಮೀಟರ್. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ 40 ಟನ್ ನೀರಿನ ಭಾರ ಬೀಳುತ್ತದೆ. ಜಲಾಂತರ್ಗಾಮಿ 300 ಮೀಟರ್ ಆಳಕ್ಕೆ ಇಳಿದರೆ ಅದೇ ಜಾಗದ ಮೇಲೆ 300 ಟನ್ನಿಗೂ ಹೆಚ್ಚು. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತುಂಬಿ ಬರುವ ಹತ್ತಕ್ಕೂ ಹೆಚ್ಚು ಲಾರಿಗಳ ತೂಕ ಒಂದು ಕ್ಯಾರಂ ಬೋರ್ಡಿನಷ್ಟು ಜಾಗದ ಮೇಲೆ ಕುಳಿತ ಹಾಗೆ. ನಾವಿಕರು ಹೊಸಬರಿಗೆ ಒಂದು ಪ್ರಯೋಗ ತೋರಿಸುವುದುಂಟು. ದೋಣಿ ನೀರಿನ ಮೇಲಿದ್ದಾಗ ಒಳಗಿನ ಒಂದು ಬದಿಯಿಂದ ಎದುರು ಬದಿಗೆ ದಾರವನ್ನು ಬಿಗಿಯಾಗಿ ಕಟ್ಟುತ್ತಾರೆ. ಆಳಕ್ಕೆ ಇಳಿದಂತೆ ದಾರ ಜೋತು ಬೀಳುತ್ತದೆ. ಉಕ್ಕು ಅಷ್ಟು ಕುಗ್ಗಿರುತ್ತದೆ. ಮೇಲೆ ಬಂದರೆ ದಾರ ಮತ್ತೆ ಬಿಗಿ. ಕಟ್ಟಡದ ಕೆಲಸದಲ್ಲಿ ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವುದನ್ನು ನೋಡಿದ್ದೀರಲ್ಲ, ಪ್ರತಿ ಮುಳುಗಿಗೂ ಒಡಲಿನ ಲೋಹ ಆ ದಾರಿಯಲ್ಲೇ ಒಂದಿಷ್ಟು ಸಾಗುತ್ತದೆ. ಕೊಲಂಬಿಯಾ ಬಂದು ಬದಲಿಸಲಿರುವ ಅಮೆರಿಕದ ಓಹಿಯೋ ವರ್ಗದ ದೋಣಿಗಳಿಗೆ ಮೊದಲು ಇಟ್ಟುಕೊಂಡ ಆಯಸ್ಸು 30 ವರ್ಷ. ಪರೀಕ್ಷೆ ಮಾಡಿ ಅದನ್ನು 42ಕ್ಕೆ ಏರಿಸಿದರು.

ಒಡಲು ದಣಿಯುವುದಷ್ಟೇ ಕಾರಣವಾಗಿದ್ದರೆ ಹಳೆಯ ನಕ್ಷೆಯಲ್ಲೇ ಹೊಸ ದೋಣಿ ಕಟ್ಟಬಹುದಿತ್ತು. ಹೊಸ ನಕ್ಷೆ ಬೇಕಾಗಿರುವುದು ಮುಖ್ಯವಾಗಿ ಸದ್ದಿಗಾಗಿ. ಈ ದೋಣಿ ಯಾರನ್ನೂ ಬೆನ್ನಟ್ಟುವುದಿಲ್ಲ. ತಿಂಗಳುಗಟ್ಟಲೆ ಯಾರ ಕಿವಿಗೂ ಬೀಳದಂತೆ ಇರುವುದೇ ಅದರ ಕೆಲಸ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು.

ನಿಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಹೋಗಿ. ಮೋಟಾರು ಓಡುತ್ತಿರುವಾಗ ನೆಲದ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರಿಟ್ಟು ನೋಡಿ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ನಡುಗುತ್ತಿರುತ್ತವೆ. ಈಗ ಲೋಟದ ಕೆಳಗೆ ದಪ್ಪ ರಬ್ಬರ್ ತುಂಡು ಇಡಿ. ನಡುಕ ತಗ್ಗುತ್ತದೆ. ಜಲಾಂತರ್ಗಾಮಿಯಲ್ಲಿ ಯಂತ್ರಗಳನ್ನು ಒಡಲಿಗೆ ನೇರವಾಗಿ ಬಿಗಿಯುವುದಿಲ್ಲ. ರಬ್ಬರ್ ಮೆತ್ತೆಗಳ ಮೇಲಿನ ಒಂದು ದೊಡ್ಡ ಅಟ್ಟಣಿಗೆಯ ಮೇಲೆ ಕೂರಿಸುತ್ತಾರೆ. ಯಂತ್ರದ ನಡುಕ ಉಕ್ಕಿಗೆ, ಉಕ್ಕಿನಿಂದ ನೀರಿಗೆ ದಾಟಬಾರದು.

ಮೆತ್ತೆಯಿಂದ ಎಲ್ಲವೂ ಆಗುವುದಿಲ್ಲ. ದೋಣಿಯೊಳಗಿನ ಪರಮಾಣು ಸ್ಥಾವರದ ಶಾಖದಿಂದ ಹುಟ್ಟುವ ಹಬೆಗೆ ಟರ್ಬೈನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಹಿಂದಿನ ಪ್ರೊಪೆಲರ್ ನಿಧಾನವಾಗಿ ತಿರುಗಬೇಕು. ನಡುವೆ ಹಲ್ಲಿನ ಚಕ್ರಗಳು ಬೇಕು, ಹಲ್ಲಿಗೆ ಹಲ್ಲು ತಾಗಿದಲ್ಲಿ ಸದ್ದು ಹುಟ್ಟುತ್ತದೆ. ಕೊಲಂಬಿಯಾದಲ್ಲಿ ಆ ಗೇರುಗಳನ್ನೇ ತೆಗೆದುಹಾಕಿದ್ದಾರೆ. ಟರ್ಬೈನ್ ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತಿನಿಂದ ಮೋಟಾರು ಓಡುತ್ತದೆ. ಗಾಳಿಯಂತ್ರಗಳಲ್ಲೂ ಗೇರ್‌ಬಾಕ್ಸ್ ಇರುವ ಬಗೆ, ಇಲ್ಲದ ಬಗೆ ಎರಡೂ ಇವೆ, ಚಿತ್ರದುರ್ಗದ ಗುಡ್ಡಗಳ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇನ್ನು ಪರಮಾಣು ಸ್ಥಾವರದ ನೀರನ್ನು ತಿರುಗಿಸುವ ಪಂಪು, ಅದೂ ಸದ್ದು ಮಾಡುತ್ತದೆ. ಓಹಿಯೋದಲ್ಲೇ ನಿಧಾನ ವೇಗದಲ್ಲಿ ಆ ಪಂಪು ನಿಲ್ಲಿಸಿ ಸಾಗಬಹುದು. ಮಾಳಿಗೆಯ ಮೇಲಿನ ಸೋಲಾರ್ ಹೀಟರಿನಲ್ಲಿ ಬಿಸಿ ನೀರು ತಾನಾಗಿ ಮೇಲಿನ ಟ್ಯಾಂಕಿಗೆ ಏರುತ್ತದಲ್ಲ, ತತ್ವ ಅದೇ. ಇಷ್ಟು ಭೀಕರ ಶಕ್ತಿಯನ್ನು ಇಷ್ಟು ಮೌನವಾಗಿ ಪಳಗಿಸಿದ ಈ ಬುದ್ಧಿಗೆ ನನಗೆ ಇಂದಿಗೂ ಬೆರಗಿದೆ.

ಹೊಸ ಸ್ಥಾವರದ ಇಂಧನ ದೋಣಿಯ ಇಡೀ ಆಯಸ್ಸಿಗೆ ಸಾಕು. ಓಹಿಯೋಗೆ ನಡುವಯಸ್ಸಿನಲ್ಲಿ ಒಡಲು ಕೊಯ್ದು ಇಂಧನ ತುಂಬಬೇಕಿತ್ತು, ದೋಣಿ ಹಲವು ವರ್ಷ ಕಟ್ಟೆಯಲ್ಲೇ ಉಳಿಯುತ್ತಿತ್ತು. ಆ ಬಿಡುವು ತಪ್ಪಿದ್ದರಿಂದಲೇ 14 ಹಳೆಯ ದೋಣಿಗಳ ಕೆಲಸಕ್ಕೆ 12 ಹೊಸವು ಸಾಕು ಎಂಬ ಲೆಕ್ಕ.

ಸಮಯದ ಮಾತು. ಡ್ರೆಡ್‌ನಾಟ್‌ಗೆ ಇಂಗ್ಲೆಂಡಿನ ಬ್ಯಾರೋ ಹಡಗುಕಟ್ಟೆಯಲ್ಲಿ ಉಕ್ಕು ಕತ್ತರಿಸಲು ತೊಡಗಿದ್ದು 2016ರಲ್ಲಿ, ಅದು ಸೇವೆಗೆ ಬರುವುದು 2030ರ ದಶಕದಲ್ಲಿ. ಕೊಲಂಬಿಯಾದ ಒತ್ತಡ ತಡೆಯುವ ಒಡಲಲ್ಲಿ ತಲಾ 2.2 ಮೀಟರ್ ಅಗಲದ 16 ಕ್ಷಿಪಣಿ ಕೊಳವೆಗಳು ಕೂರಬೇಕು. ಏಳು ಸುತ್ತಿನ ಕೋಟೆಗೆ ಒಂದು ಕಿಂಡಿಯಿಂದ ಗಂಡಾಂತರ ಬಂದ ಕಥೆ ಕೇಳಿ ಬೆಳೆದವರು ನಾವು. ಇಲ್ಲಿ ಅಂಥ 16 ಬಾಯಿಗಳನ್ನು ತಾವೇ ಕೊರೆದು ಕಾಯಬೇಕು. 2018ರಲ್ಲಿ ಆ ಕೊಳವೆಗಳ ಬೆಸುಗೆಯಲ್ಲಿ ದೋಷ ಕಂಡುಬಂದು, ಅದನ್ನು ಸರಿಪಡಿಸಬೇಕಾಯಿತು. 2024ರಲ್ಲಿ ಅಮೆರಿಕದ ನೌಕಾಪಡೆಯೇ ಮೊದಲ ದೋಣಿ 12ರಿಂದ 16 ತಿಂಗಳು ತಡವಾಗಲಿದೆ ಎಂದಿತು. ಈ ವರ್ಗದ ಕೊನೆಯ ದೋಣಿ 2080ರ ದಶಕದಲ್ಲೂ ನೀರಿನಲ್ಲಿರಬೇಕು. ಅಂಥ ಕೆಲಸದಲ್ಲಿ ತಡವನ್ನು ಒಪ್ಪಿಕೊಳ್ಳಬಹುದು, ಅರೆಬೆಸುಗೆಯನ್ನು ಒಪ್ಪಿಕೊಳ್ಳಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ದೇಶದ ಇಂಥದೇ ಜಲಾಂತರ್ಗಾಮಿ ಅರಿಹಂತ್ ವಿಶಾಖಪಟ್ಟಣದಲ್ಲಿ ನೀರಿಗಿಳಿದದ್ದು 2009ರ ಜುಲೈ 26ರಂದು, ನೌಕಾಪಡೆ ಸೇರಿದ್ದು 2016ರಲ್ಲಿ. ಅದರ ಸ್ಥಾವರ 83 ಮೆಗಾವಾಟ್ ಸಾಮರ್ಥ್ಯದ್ದು. ಎರಡನೆಯದಾದ ಅರಿಘಾತ್ 2024ರ ಆಗಸ್ಟಿನಲ್ಲಿ ಸೇರಿತು. ಇಲ್ಲಿ ಕ್ಷಿಪಣಿಯೂ ಬದಲಾಗುತ್ತಿದೆ: 750 ಕಿಲೋಮೀಟರ್ ಹಾರುವ ಕೆ-15ರಿಂದ 3,500 ಕಿಲೋಮೀಟರ್ ಹಾರುವ ಕೆ-4ಕ್ಕೆ. ದೂರ ಹೆಚ್ಚಿದಷ್ಟೂ ದೋಣಿಗೆ ಅಡಗಲು ಕಡಲು ಹೆಚ್ಚು.

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಜಲಾಂತರ್ಗಾಮಿ ವಿನ್ಯಾಸ ಮಾಡುವ ಎಂಜಿನಿಯರ್ ಆಗಬೇಕು ಎನ್ನುತ್ತಾಳೆ. ಸಮುದ್ರವನ್ನೇ ಕಾಣದ ಊರಿನವಳಿಗೆ ಇದು ಆಗುವ ಮಾತೇ?
— ಶಿಕ್ಷಕಿ, ಹೊಳಲ್ಕೆರೆ

ಉತ್ತರ: ಖಂಡಿತ ಆಗುತ್ತದೆ, ಮೇಡಂ. ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಲ್ಲಿ, ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಹಡಗು ವಿನ್ಯಾಸವನ್ನೇ ಓದಬಹುದು. ಮೆಕ್ಯಾನಿಕಲ್, ಲೋಹಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ನಿಮ್ಮ ಜಿಲ್ಲೆಯ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ. ನೀರೊಳಗಿನ ಕೆಲಸಕ್ಕೆ ಅದೇ ಸಂಸ್ಥೆಯ ಪ್ರಯೋಗಾಲಯಗಳು ಕೊಚ್ಚಿ ಮತ್ತು ವಿಶಾಖಪಟ್ಟಣದಲ್ಲಿವೆ. ಭೌತಶಾಸ್ತ್ರದಲ್ಲಿ ಅಲೆ ಮತ್ತು ಕಂಪನದ ಪಾಠಗಳನ್ನು ಅವಳು ಅಂಕಕ್ಕಾಗಿ ಮಾತ್ರ ಓದದಿರಲಿ. ಮುಂದಿನ ಸಲ ರಾಗಿ ಬೀಸಿಸಲು ಹೋಗುವಾಗ ಒಂದು ಲೋಟ ನೀರು, ಒಂದು ರಬ್ಬರ್ ತುಂಡು ಕೊಟ್ಟು ಅವಳನ್ನೇ ಕಳಿಸಿ.