ಹಳೇ ಜಿಪ್ಸಿ: 1991, 1998, 2006, ಯಾವುದನ್ನು ತಗೊಳ್ಳೋದು?

ಅಣ್ಣಾ, ನಿಮ್ಮ ಪ್ರಶ್ನೆ ನೋಡಿದೆ. ಸಕಲೇಶಪುರದ ಹತ್ತಿರ ಕಾಫಿ ತೋಟ, ಒಳಗೆ ಓಡಾಡೋಕೆ ಒಂದು ಹಳೇ ಮಾರುತಿ ಜಿಪ್ಸಿ ಬೇಕು. ಮೂರು ಗಾಡಿ ನೋಡಿಟ್ಟಿದ್ದೀರಿ: 1991, 1998, 2006. ಮೂರೂ ಒಂದೇ ಥರ ಕಾಣುತ್ತವೆ, ರೇಟು ಮಾತ್ರ ಯಾಕೆ ಇಷ್ಟು ದೂರ ದೂರ ಅಂತ ಕೇಳಿದ್ದೀರಿ. "ಜಿಪ್ಸಿ ಅಂದ್ರೆ ಜಿಪ್ಸಿ, ಕಂಡಿಷನ್ ನೋಡಿ ತಗೊಳ್ಳಿ" ಅಂತ ಮೇಲೆ ಇಬ್ಬರು ಬರೆದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಹೊರಗಿನ ಆಕಾರ ಒಂದೇ ಇರಬಹುದು. ಆದರೆ ನೀವು ನೋಡಿರೋ ಮೂರೂ ಬೇರೆ ಬೇರೆ ಗಾಡಿಗಳು. ತೋಟದ ಏರಿನಲ್ಲಿ ಆ ವ್ಯತ್ಯಾಸ ಮೊದಲ ಮಳೆಗಾಲದಲ್ಲೇ ಗೊತ್ತಾಗುತ್ತದೆ.

ಮೊದಲು ವರ್ಷಗಳ ಲೆಕ್ಕ ಹೇಳಿಬಿಡುತ್ತೇನೆ. ಜಿಪ್ಸಿ ನಮ್ಮಲ್ಲಿ ಬಂದದ್ದು 1985ರ ಡಿಸೆಂಬರಿನಲ್ಲಿ. ಸುಜುಕಿ ಎಸ್‌ಜೆ410ರ ಉದ್ದ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) ಗಾಡಿಯನ್ನೇ ಇಲ್ಲಿ ಎಂಜಿ410 ಅಂತ ಮಾಡಿದರು. 970 ಸಿಸಿ ಪೆಟ್ರೋಲ್ ಎಂಜಿನ್, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡೋ ಹಳೇ ಥರದ ಭಾಗ), ಸುಮಾರು 45 ಬಿಎಚ್‌ಪಿ, ನಾಲ್ಕೇ ಗೇರು. 1993ರ ಜುಲೈನಲ್ಲಿ ವೈಡ್ ಟ್ರ್ಯಾಕ್ ಬಂತು, ಅಂದರೆ ಎಂಜಿ410ಡಬ್ಲ್ಯು. ಎಂಜಿನ್ ಅದೇ, ಆಕ್ಸಲ್ ಅಗಲ ಆಯ್ತು, ಅಂದರೆ ಎಡ ಬಲ ಚಕ್ರಗಳ ಅಂತರ ಹೆಚ್ಚಿತು. ಅದಕ್ಕೂ ಮೊದಲಿನವನ್ನು ನ್ಯಾರೋ ಟ್ರ್ಯಾಕ್ ಅನ್ನುತ್ತಾರೆ. 1996ರಲ್ಲಿ ಜಿಪ್ಸಿ ಕಿಂಗ್, ಎಂಜಿ413ಡಬ್ಲ್ಯು: 1298 ಸಿಸಿ, 60 ಬಿಎಚ್‌ಪಿ, ಐದು ಗೇರು, ಇನ್ನೂ ಕಾರ್ಬೊರೇಟರೇ. 2000ದ ಮಾರ್ಚ್‌ನಿಂದ ಅದೇ ಕಿಂಗ್‌ಗೆ 16 ವಾಲ್ವಿನ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸೋ) ಎಂಜಿನ್, 80 ಬಿಎಚ್‌ಪಿ. ಆಮೇಲೆ ಕಂಪನಿ ಮಾರಾಟ ನಿಲ್ಲಿಸುವ ತನಕ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಹಾಗಾಗಿ 2006 ಮತ್ತು 2012ರ ಗಾಡಿಗಳ ನಡುವೆ ವರ್ಷ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಆದರೆ 1992 ಮತ್ತು 1994ರ ನಡುವೆ, 1995 ಮತ್ತು 1997ರ ನಡುವೆ, 1999 ಮತ್ತು 2001ರ ನಡುವೆ ವರ್ಷಕ್ಕೆ ನಿಜವಾದ ಬೆಲೆ ಇದೆ.

ಈಗ ನಿಮ್ಮ 1991ರ ಗಾಡಿ. ಅದು ನ್ಯಾರೋ ಟ್ರ್ಯಾಕ್. ಹಿಂದೆ ನಿಂತು ನೋಡಿ, ಚಕ್ರಗಳು ಬಾಡಿಯ ಒಳಕ್ಕೆ ಸರಿದು ಕೂತಂತೆ ಕಾಣುತ್ತವೆ. ವೈಡ್ ಟ್ರ್ಯಾಕ್‌ನಲ್ಲಿ ಮುಂದಿನ ಎರಡು ಚಕ್ರಗಳ ನಡುವೆ 1300 ಮಿ.ಮೀ., ಹಿಂದೆ 1310 ಮಿ.ಮೀ. ಟೇಪ್ ಹಿಡಿದು ಒಂದು ಟೈರಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆದರೆ ಗೊತ್ತಾಗಿಬಿಡುತ್ತದೆ. ಜಿಪ್ಸಿ ಎತ್ತರದ ಗಾಡಿ, ತೂಕ ಕಮ್ಮಿ, ಸಾಫ್ಟ್ ಟಾಪ್ ಒಂದು ಟನ್ನಿನ ಆಸುಪಾಸು. ತೋಟದ ರಸ್ತೆ ಅಂದರೆ ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು, ರಸ್ತೆಯೂ ಓರೆ. ಅಂಥ ಕಡೆ ಗೊಬ್ಬರದ ಮೂಟೆ ಹೇರಿಕೊಂಡು, ಹಿಂದೆ ಇಬ್ಬರು ನಿಂತುಕೊಂಡು ಹೋಗುವಾಗ ಆಕ್ಸಲ್ ಅಗಲ ಎಷ್ಟು ಮುಖ್ಯ ಅಂತ ಓಡಿಸಿದವರಿಗೇ ಗೊತ್ತು. ನ್ಯಾರೋ ಟ್ರ್ಯಾಕ್ ಕೆಟ್ಟ ಗಾಡಿ ಅಂತ ಹೇಳುತ್ತಿಲ್ಲ. ಮೊದಲ ಮಾಡೆಲ್ ಅಂತ ಪ್ರೀತಿಯಿಂದ ಇಟ್ಟುಕೊಳ್ಳುವವರಿದ್ದಾರೆ, ಒರಿಜಿನಲ್ ಆಗಿ ಉಳಿದಿದ್ದರೆ ಅದಕ್ಕೆ ಗೌರವ ಕೊಡಲೇಬೇಕು. ದಿನಾ ತೋಟದಲ್ಲಿ ದುಡಿಸೋಕೆ ಮಾತ್ರ ಬೇಡ. ಕೆಲವರು ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಹಾಕಿ "ವೈಡ್ ಮಾಡಿಸಿದ್ದೀವಿ" ಅನ್ನುತ್ತಾರೆ. ವೀಲ್ ಬೇರಿಂಗ್ ಮೇಲೆ ಒತ್ತಡ ಜಾಸ್ತಿ ಆಗುತ್ತದೆ. ಹಾಗೆ ಮಾಡಿದ ಗಾಡಿ ನಾನಾದರೆ ಮುಟ್ಟುವುದಿಲ್ಲ.

970 ಸಿಸಿ ಎಂಜಿನ್ ಬಗ್ಗೆಯೂ ಒಂದು ಮಾತು. ಸರಳ, ಗಟ್ಟಿ ಎಂಜಿನ್. ಆದರೆ ಶಕ್ತಿ ಕಮ್ಮಿ ಅಂತ ತಿಳಿದೇ ತಗೋಬೇಕು. ಇದಕ್ಕೆ ದೊಡ್ಡ ಮಡ್ ಟೈರ್ ಹಾಕಿಸಿದರೆ ನೋಡೋಕೆ ಚೆನ್ನಾಗಿರುತ್ತದೆ, ಎಳೆಯೋದಿಲ್ಲ. ಟೈರ್ ದೊಡ್ಡದಾದಷ್ಟೂ ಗೇರ್ ಎತ್ತರ ಆದ ಹಾಗೆ. ಏರಿನಲ್ಲಿ ಕ್ಲಚ್ ಸುಡುತ್ತದೆ, ಬೈಗುಳ ಪಾಪ ಗಾಡಿಗೆ. ಇನ್ನು ಬ್ರೇಕ್: ಮೊದಲ ವರ್ಷಗಳ ಗಾಡಿಗಳಲ್ಲಿ ಬೂಸ್ಟರ್ (ಪೆಡಲ್ ಒತ್ತೋದನ್ನು ಹಗುರ ಮಾಡೋ ಭಾಗ) ಇರಲಿಲ್ಲ, ಪೆಡಲ್ ಕಲ್ಲಿನ ಹಾಗೆ ಇರುತ್ತದೆ. ಆಮೇಲೆ ಹಾಕಿಸಿದ್ದಾರಾ, ಹಾಕಿಸಿದ್ದರೆ ಸರಿಯಾಗಿ ಕೂರಿಸಿದ್ದಾರಾ ಅಂತ ಬಾನೆಟ್ ಎತ್ತಿ ನೋಡಿ.

ನಿಜವಾದ ಪೈಪೋಟಿ ಇರೋದು 1998ಕ್ಕೂ 2006ಕ್ಕೂ. ಎರಡೂ ವೈಡ್ ಟ್ರ್ಯಾಕ್, ಎರಡೂ 1.3 ಲೀಟರ್ (1298 ಸಿಸಿ) ಎಂಜಿನ್, ಎರಡಕ್ಕೂ ಐದು ಗೇರು. ಬೇರೆ ಆಗೋದು ಪೆಟ್ರೋಲ್ ಒಳಗೆ ಹೋಗೋ ದಾರಿಯಲ್ಲಿ.

ಕಾರ್ಬೊರೇಟರಿನಲ್ಲಿ ಒಂದು ಸಣ್ಣ ಬಟ್ಟಲು ಇರುತ್ತದೆ, ಅದರಲ್ಲಿ ಪೆಟ್ರೋಲ್ ಒಂದು ಮಟ್ಟಕ್ಕೆ ನಿಲ್ಲಬೇಕು. ಆ ಮಟ್ಟ ಕಾಯೋದು ಫ್ಲೋಟ್. ಗಾಡಿ ಕಡಿದಾದ ಏರು ಹತ್ತುವಾಗ ಅಥವಾ ಪಕ್ಕಕ್ಕೆ ವಾಲಿದಾಗ ಆ ಪೆಟ್ರೋಲ್ ಒಂದು ಕಡೆ ಸರಿಯುತ್ತದೆ. ಆಗ ಒಂದೋ ಎಂಜಿನ್‌ಗೆ ಪೆಟ್ರೋಲ್ ಸಿಗೋಲ್ಲ, ಇಲ್ಲಾ ಜಾಸ್ತಿ ಸುರಿದು ಫ್ಲಡ್ ಆಗುತ್ತದೆ. ಏರಿನ ಮಧ್ಯೆ ಎಂಜಿನ್ ಎರಡು ಸಲ ಕೆಮ್ಮಿ ಆಫ್ ಆಯ್ತು ಅಂದರೆ ಬಹಳ ಸಲ ಕಾರಣ ಇದೇ, ಫ್ಯೂಯಲ್ ಪಂಪ್ ಅಲ್ಲ. ಎಂಪಿಎಫ್‌ಐನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಇಂಜೆಕ್ಟರ್‌ಗೆ ಹೋಗುವುದರಿಂದ ಈ ತೊಂದರೆ ಇಲ್ಲ. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಕಾಯೋದೂ ಇಲ್ಲ.

ಹಾಗಂತ ಎಂಪಿಎಫ್‌ಐ ಎಲ್ಲದರಲ್ಲೂ ಮೇಲು ಅಂತಲ್ಲ. 16 ವಾಲ್ವಿನ ಆ ಎಂಜಿನ್‌ನ ಪೂರ್ತಿ ಟಾರ್ಕ್ 103 ಎನ್ಎಂ ಸಿಗೋದು 4500 ಆರ್‌ಪಿಎಂನಲ್ಲಿ. ಅಂದರೆ ಅದು ತಿರುಗಿಸಿದರೆ ಎಳೆಯೋ ಎಂಜಿನ್. ಹಳೇ ಡೀಸೆಲ್ ಜೀಪ್ ಓಡಿಸಿ ರೂಢಿ ಇದ್ದವರು ಐಡಲ್‌ನಲ್ಲಿ ಕ್ಲಚ್ ಬಿಟ್ಟು ಹತ್ತಿಸೋಕೆ ನೋಡುತ್ತಾರೆ, ಗಾಡಿ ನಿಂತುಹೋಗುತ್ತದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನವಾಗಿ ಎಳೆಯೋ ಗೇರು) ಹಾಕಿ, ಮೊದಲನೇ ಗೇರಿನಲ್ಲಿ ಸ್ವಲ್ಪ ಆರ್‌ಪಿಎಂ ಹಿಡಿದುಕೊಂಡು ಒಂದೇ ಸಮ ಹೋಗಬೇಕು. ಡ್ರೈವರ್‌ಗೆ ಇದನ್ನು ಹೇಳಿಕೊಟ್ಟರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಇನ್ನೊಂದು ಅಂಶ, ಕಿಂಗ್‌ನ ಫೋರ್ ಲೋ ರೇಷಿಯೋ 2.268. ಹಳೇ 1.0 (970 ಸಿಸಿ) ಗಾಡಿಯ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚೋ ಗೇರ್ ಪೆಟ್ಟಿಗೆ) ಇದಕ್ಕಿಂತ ಕೆಳಗಿನ ಗೇರಿಂಗ್‌ನದು, ಅಂದರೆ ವೇಗ ಕಮ್ಮಿ, ಎಳೆತ ಜಾಸ್ತಿ. ಅದಕ್ಕೇ ಆಫ್‌ರೋಡ್ ಹುಚ್ಚಿರುವವರು ಹಳೇ ಟ್ರಾನ್ಸ್‌ಫರ್ ಕೇಸ್ ಹುಡುಕಿ ಕಿಂಗ್‌ಗೆ ಹಾಕಿಸುತ್ತಾರೆ. ತೆವಳೋಕೆ ಬಹಳ ಚೆನ್ನಾಗಿರುತ್ತದೆ, ಆದರೆ ಹಾಸನದ ಹೈವೇಗೆ ಬಂದಾಗ ಎಂಜಿನ್ ಸುಮ್ನೆ ಕಿರುಚುತ್ತದೆ. ನಿಮಗೆ ಅದರ ಅಗತ್ಯ ಇಲ್ಲ. ನೋಡೋಕೆ ಹೋದ ಗಾಡಿಗೆ ಯಾರಾದರೂ ಹಾಕಿಸಿದ್ದಾರಾ ಅಂತ ಮಾತ್ರ ಕೇಳಿ.

ಇಲ್ಲೇ ನನ್ನ ಮುಖ್ಯ ಮಾತು ಬರೋದು. ಹಳೇ ಜಿಪ್ಸಿಯಲ್ಲಿ ಆರ್‌ಸಿಯ ವರ್ಷ ಒಂದು ಹೇಳುತ್ತದೆ, ಕೆಳಗಿರೋ ಲೋಹ ಇನ್ನೊಂದು ಹೇಳುತ್ತದೆ. ಭಾಗಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಕೂರುವುದರಿಂದ ಎರಡು ಮೂರು ಗಾಡಿ ಸೇರಿಸಿ ಒಂದು ಮಾಡಿರುವುದು ಬೇಕಾದಷ್ಟಿದೆ. 1991ರ ಆರ್‌ಸಿಗೆ ಕಿಂಗ್‌ನ ಎಂಜಿನ್, 1998ರ ಗಾಡಿಗೆ ಎಂಪಿಎಫ್‌ಐ, ಇನ್ನು ಕೆಲವಕ್ಕೆ ಪೆಟ್ರೋಲ್ ಆರ್‌ಸಿ ಇಟ್ಟುಕೊಂಡೇ ಡೀಸೆಲ್ ಎಂಜಿನ್. ಓಡಿಸೋಕೆ ಅವು ಚೆನ್ನಾಗಿಯೇ ಇರಬಹುದು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ಹೊಂದಬೇಕು. ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ಒದ್ದಾಟ, ಅಪಘಾತ ಆದರೆ ಇನ್ಶೂರೆನ್ಸ್‌ನವರ ತಕರಾರು. ನೋಡೋದು ಸುಲಭ. ಆರ್‌ಸಿಯಲ್ಲಿ ಸಿಸಿ 970 ಇದೆಯಾ 1298 ಇದೆಯಾ ನೋಡಿ. ಎಂಜಿನ್ ನಂಬರಿನ ಮೊದಲ ಅಕ್ಷರಗಳೇ ಎಂಜಿನ್ ಯಾವುದು ಅಂತ ಹೇಳುತ್ತವೆ: ಎಫ್10ಎ ಅಂದರೆ 1.0, ಜಿ13ಬಿಎ ಅಂದರೆ ಕಾರ್ಬೊರೇಟರ್ ಕಿಂಗ್, ಜಿ13ಬಿಬಿ ಅಂದರೆ ಎಂಪಿಎಫ್‌ಐ. ಬ್ಲಾಕ್ ಮೇಲಿನ ಗ್ರೀಸ್ ಒರೆಸಿ ಅದೇ ನಂಬರ್ ಓದಿ. ಬಾನೆಟ್ ನೋಡಿ ಮಾತ್ರ ನಂಬಬೇಡಿ. ಕಿಂಗ್‌ನ ಬಾನೆಟ್ ಸ್ವಲ್ಪ ಉಬ್ಬಿರುತ್ತದೆ ನಿಜ, ಆದರೆ ಬಾನೆಟ್ ಬದಲಾಯಿಸೋದು ಎಷ್ಟು ಹೊತ್ತಿನ ಕೆಲಸ?

ಯಾವ ವರ್ಷದ್ದೇ ಆಗಲಿ, ಕೆಳಗೆ ಮಲಗಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಮಲೆನಾಡಿನಲ್ಲಿ ಓಡಿದ ಗಾಡಿಗೆ ದೊಡ್ಡ ಶತ್ರು ತುಕ್ಕು. ಮುಂದಿನ ಮ್ಯಾಟ್ ಎತ್ತಿ ಫ್ಲೋರ್ ನೋಡಿ. ವಿಂಡ್‌ಶೀಲ್ಡ್ ಫ್ರೇಮಿನ ಕೆಳಗಿನ ಎರಡು ಮೂಲೆ, ಹಿಂದಿನ ಚಕ್ರದ ಮೇಲಿನ ಕಮಾನಿನ ಒಳಭಾಗ, ಹಿಂದಿನ ಲೀಫ್ ಸ್ಪ್ರಿಂಗ್ ಶ್ಯಾಕಲ್ (ಸ್ಪ್ರಿಂಗ್ ತುದಿ ಹಿಡಿಯೋ ಕೊಂಡಿ) ಕೂರೋ ಜಾಗದ ಚಾಸಿ, ಇವಿಷ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂತ ಕೇಳಬೇಕು. ಮಂಕಾಗಿ ದಪ್ ಅಂದರೆ ಒಳಗೆ ತುಕ್ಕು ತಿಂದಿದೆ ಅಥವಾ ಪುಟ್ಟಿ ತುಂಬಿದ್ದಾರೆ. ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಬಾಡಿ ತುಕ್ಕಿಗೆ ಟಿಂಕರಿಂಗ್ ಮಾಡಿಸಬಹುದು, ಚಾಸಿ ಮೇಲೆ ಪ್ಯಾಚ್ ವೆಲ್ಡಿಂಗ್ ಕಂಡರೆ ಬಿಟ್ಟು ಬನ್ನಿ.

ಆಮೇಲೆ ಮುಂದಿನ ಚಕ್ರದ ಹಿಂದೆ, ಆಕ್ಸಲ್ ತುದಿಯಲ್ಲಿರೋ ಗುಂಡನೆಯ ನಕಲ್ ನೋಡಿ. ಅಲ್ಲಿ ಗಟ್ಟಿ ಗ್ರೀಸ್ ತೆಳ್ಳಗೆ ಹಚ್ಚಿದಂತಿದ್ದರೆ ಸರಿ. ಕರಿ ಎಣ್ಣೆಯ ಹಾಗೆ ನೀರಾಗಿ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿ ಡಿಫರೆನ್ಶಿಯಲ್ ಆಯಿಲ್ ನಕಲ್‌ಗೆ ಬಂದಿದೆ ಅಂತ ಅರ್ಥ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಅಲ್ಲಾಡಿದರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ ಬೇರಿಂಗ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಜಾಗದ್ದು) ಸವೆದಿದೆ. ಹೊಂಡ ಹಾರಿದಾಗ ಸ್ಟೀರಿಂಗ್ ಗಡಗಡ ನಡುಗೋದಕ್ಕೆ ಅದೂ ಒಂದು ಕಾರಣ. ಫ್ರೀವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸೋ, ಬಿಡಿಸೋ ಹಬ್) ಇದ್ದರೆ ಎರಡೂ ಕಡೆ ಲಾಕ್ ಆಗುತ್ತಿದೆಯಾ ನೋಡಿ. ಒಂದು ಕಡೆ ಸರಿಯಾಗಿ ಹಿಡಿಯದಿದ್ದರೂ ಮುಂದಿನ ಎರಡೂ ಚಕ್ರ ಎಳೆಯೋಲ್ಲ, ಫೋರ್ ವೀಲ್ ಇದ್ದೂ ಇಲ್ಲದ ಹಾಗೆ. ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಚಿಕ್ಕ ಶಾಫ್ಟ್ ಇದೆ. ಅದನ್ನು ಹಿಡಿದಿರೋ ರಬ್ಬರ್ ಮೌಂಟ್ ಹೋದರೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಕೆಳಗೆ ಟಕ್ ಅಂತ ಬಡಿಯುತ್ತದೆ. ಇದು ಸಣ್ಣ ಖರ್ಚು, ಹೆದರಬೇಡಿ. ಅದನ್ನೇ ತೋರಿಸಿ ರೇಟು ಇಳಿಸಿ.

ಟೆಸ್ಟ್ ಡ್ರೈವ್‌ನಲ್ಲಿ ಫೋರ್ ವೀಲ್ ಹಾಕಿ ಟಾರ್ ರೋಡಿನಲ್ಲಿ ತಿರುಗಿಸಬೇಡಿ. ಇದರಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋ ಸೆಂಟರ್ ಡಿಫರೆನ್ಶಿಯಲ್ ಇಲ್ಲ, ಒಳಗಿನ ಗೇರುಗಳು ಬಿಗಿದುಕೊಳ್ಳುತ್ತವೆ. ಮಣ್ಣಿನ ಮೇಲೆ ಪರೀಕ್ಷೆ ಮಾಡಿ.

ಪೇಪರ್ ವಿಚಾರ. ಮೂರೂ 15 ವರ್ಷ ದಾಟಿದ ಗಾಡಿಗಳು. ಆರ್‌ಸಿ ರಿನ್ಯೂವಲ್ ಆಗಿದೆಯಾ, ಎಲ್ಲಿಯವರೆಗೆ ಇದೆ ಅಂತ ಮೊದಲು ಕೇಳಿ, ಆಮೇಲೆ ರೇಟು. ಮತ್ತೆ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕಾದರೆ ಫಿಟ್‌ನೆಸ್, ಹಸಿರು ತೆರಿಗೆ ಎಲ್ಲ ಸೇರಿ ಖರ್ಚಿದೆ. ದೆಹಲಿ ಕಡೆಯಿಂದ ಎನ್‌ಒಸಿ (ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡೋ ಒಪ್ಪಿಗೆ ಪತ್ರ) ಮೇಲೆ ಬಂದ ಗಾಡಿ ಅಗ್ಗವಾಗಿ ಕಾಣುತ್ತದೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸೋಕೆ ಬಿಡುವುದಿಲ್ಲ, ಅದಕ್ಕೇ ಹೊರಗೆ ಕಳಿಸುತ್ತಾರೆ. ಇಲ್ಲಿನ ತೆರಿಗೆ ಕಟ್ಟಿ ಕೆಎ ನಂಬರ್ ಆಗುವವರೆಗಿನ ಖರ್ಚು ಸೇರಿಸಿದರೆ ಅಗ್ಗ ಅನ್ನೋದು ಉಳಿಯೋದು ಕಷ್ಟ. ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಪತ್ರದಿಂದ ಹಿಡಿದು ಪ್ರತಿ ಕಾಗದವೂ ಒಂದಕ್ಕೊಂದು ಕೂಡಬೇಕು.

ನಿಮಗೆ ನನ್ನ ಸಲಹೆ ಹೀಗೆ. ಗಾಡಿ ತೋಟಕ್ಕೂ ಬೇಕು, ವಾರಕ್ಕೊಮ್ಮೆ ಪೇಟೆಗೂ ಮನೆಯವರನ್ನು ಕೂರಿಸಿಕೊಂಡು ಹೋಗಬೇಕು ಅಂದರೆ 2006. ತೋಟದೊಳಗೇ ಜಾಸ್ತಿ, ಹತ್ತಿರದಲ್ಲಿ ಕಾರ್ಬೊರೇಟರ್ ಬಿಚ್ಚಿ ಜೋಡಿಸಬಲ್ಲ ಹಳೇ ಮೆಕ್ಯಾನಿಕ್ ಇದ್ದಾರೆ, ಚಾಸಿ ಗಟ್ಟಿ ಇದೆ ಅಂದರೆ 1998 ತಗೊಳ್ಳಿ, ಉಳಿದ ದುಡ್ಡಲ್ಲಿ ಟೈರು, ಬ್ರೇಕು, ಟೈಮಿಂಗ್ ಬೆಲ್ಟ್, ರೇಡಿಯೇಟರ್ ಎಲ್ಲ ಹೊಸದು ಮಾಡಿಸಿ. ಅದರ ಪೆಟ್ರೋಲ್ ಹೋಸ್‌ಗಳನ್ನೂ ಬದಲಾಯಿಸಿಬಿಡಿ. ಈಗ ಬಂಕಿನಲ್ಲಿ ಬರೋದು ಇ20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್), ಹಳೇ ರಬ್ಬರ್‌ಗೆ ಎಥೆನಾಲ್ ಆಗಿಬರುವುದಿಲ್ಲ, ಬಿರುಕು ಬಿಡುತ್ತದೆ. ಕಾರ್ಬೊರೇಟರ್‌ಗೂ ಒಂದು ಹೊಸ ರಿಪೇರಿ ಕಿಟ್ ಹಾಕಿಸಿ. ರೇಡಿಯೇಟರ್ ಯಾಕೆ ಹೇಳಿದೆ ಅಂದರೆ 1.3 ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ, ಒಮ್ಮೆ ಜೋರಾಗಿ ಬಿಸಿಯಾದರೆ ಹೆಡ್ ಕೆಲಸ ಗ್ಯಾರಂಟಿ. ಮೈಲೇಜ್ ಕೇಳಿದ್ದೀರಿ, ಯಾವುದರಲ್ಲೂ ಲೀಟರಿಗೆ ಹತ್ತರ ಆಸುಪಾಸು ಅಂದುಕೊಳ್ಳಿ, ಫೋರ್ ಲೋನಲ್ಲಿ ಅದೂ ಇಲ್ಲ.

1998ರ ಗಾಡಿಯ ಎಂಜಿನ್ ನಂಬರಿನ ಮೊದಲ ಐದು ಅಕ್ಷರ, ಹಿಂದಿನ ಶ್ಯಾಕಲ್ ಹತ್ತಿರದ ಚಾಸಿಯ ಎರಡು ಫೋಟೋ, ಆರ್‌ಸಿ ಎಲ್ಲಿಯವರೆಗೆ ಇದೆ, ಇಷ್ಟನ್ನು ಇಲ್ಲೇ ಹಾಕಿ. ಮಾಲೀಕರ ಹೆಸರು, ಪೂರ್ತಿ ನಂಬರ್ ಮುಚ್ಚಿಬಿಡಿ. ನೋಡಿ ಹೇಳುತ್ತೇನೆ.