ಲೈಸೆನ್ಸ್ ಇದೆ, ಇನ್‌ಸ್ಪೆಕ್ಷನ್ ಪಾಸು, ಇನ್ನೇನು ಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ತಾಲೂಕು ಊರಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್ ಆಡಳಿತ ನೋಡ್ಕೊಳ್ತೀನಿ. ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ರಿಜಿಸ್ಟ್ರೇಶನ್ ಇದೆ, ಇನ್‌ಸ್ಪೆಕ್ಷನ್‌ಗೆ ಬಂದೋರು ಯಾವತ್ತೂ ತಕರಾರು ಮಾಡಿಲ್ಲ. ಈಗ ಹೊಸದಾಗಿ ಸೇರಿರೋ ಸಿಸ್ಟರ್ ಒಬ್ರು ಆಪರೇಶನ್‌ಗೆ ಮುಂಚೆ ಬ್ಲೇಡಲ್ಲಿ ಶೇವ್ ಮಾಡೋದು ನಿಲ್ಸಿ ಅಂತಿದಾರೆ. ಸರ್ಕಾರದ ರೂಲ್ಸ್ ಪಾಲಿಸಿದ್ರೆ ಸಾಲ್ದಾ? ಇದೆಲ್ಲ ಅಷ್ಟು ಮುಖ್ಯ ಆದ್ರೆ ರೂಲ್ಸಲ್ಲೇ ಯಾಕೆ ಸೇರ್ಸಲ್ಲ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಸಾಲ್ದು ಸರ್. ನಿಮ್ಮ ಸಿಸ್ಟರ್ ಹೇಳ್ತಿರೋದು ನೂರಕ್ಕೆ ನೂರು ಸರಿ. ಬ್ಲೇಡ್ ಎಳೆದಾಗ ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳ್ತವೆ, ಅಲ್ಲಿ ಬ್ಯಾಕ್ಟೀರಿಯಾ ಸೇರ್ಕೊಂಡು ಆಮೇಲೆ ಹೊಲಿಗೆ ಹಾಕಿದ ಜಾಗ ಕೀವಾಗುತ್ತೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಕೂದಲು ತೆಗೀದೇ ಇದ್ರೂ ನಡೆಯುತ್ತೆ, ತೆಗೀಲೇಬೇಕು ಅಂದ್ರೆ ಕ್ಲಿಪ್ಪರ್ (ಕೂದಲು ಕತ್ತರಿಸೋ ಮಷಿನ್) ಬಳಸಿ, ಬ್ಲೇಡ್ ಮಾತ್ರ ಬೇಡವೇ ಬೇಡ ಅಂತ ಹೇಳಿದೆ. ಒಂದು ಕ್ಲಿಪ್ಪರ್ ತಗೊಳ್ಳೋಕೆ ಸರ್ಕಾರದ ಆದೇಶಕ್ಕೆ ಕಾಯ್ಬೇಡಿ.

ಇನ್ನು ರೂಲ್ಸ್ ವಿಷ್ಯ. ನಮ್ಮ ಕೆಪಿಎಂಇ ಕಾಯ್ದೆ 2007ರದ್ದು, ನಿಯಮಗಳು 2009ರದ್ದು, ದೊಡ್ಡ ತಿದ್ದುಪಡಿ ಆಗಿದ್ದು 2017ರಲ್ಲಿ, ಆವಾಗ ಡಾಕ್ಟರುಗಳ ಮುಷ್ಕರದಿಂದ ಓಪಿಡಿಗಳೇ ಬಂದ್ ಆಗಿದ್ದು ನಿಮಗೂ ನೆನಪಿರಬೇಕು. ಕಾಯ್ದೆ ತಿದ್ದೋದು ಅಷ್ಟು ಕಷ್ಟದ ಕೆಲಸ. ಆದ್ರೆ ವೈದ್ಯಕೀಯ ಸ್ಟ್ಯಾಂಡರ್ಡ್ ಅದಕ್ಕೆಲ್ಲ ಕಾಯಲ್ಲ. ಎನ್‌ಎಬಿಎಚ್‌ನ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಆಸ್ಪತ್ರೆ ಸ್ಟ್ಯಾಂಡರ್ಡ್ 5ನೇ ಆವೃತ್ತಿ 2020ರಲ್ಲಿ ಬಂತು, 2025ಕ್ಕೆ 6ನೇದೂ ಬಂದಾಯ್ತು. ಪ್ರತಿಯೊಂದು ಪದ್ಧತಿನೂ ಕಾನೂನಲ್ಲೇ ಬರೆದಿಟ್ರೆ ನಾಳೆ ತಪ್ಪು ಅಂತ ಗೊತ್ತಾದ್ಮೇಲೂ ಅದೇ ಕಡ್ಡಾಯ ಆಗಿ ಉಳ್ಕೊಂಡ್ಬಿಡುತ್ತೆ.

ಹಾಗಾಗಿ ಕೆಲವು ಕಡೆ ನಿಯಮದಲ್ಲಿ 'ಇಂಥ ಮಾರ್ಗಸೂಚಿ ಪ್ರಕಾರ ಮಾಡಿ' ಅಂತ ಮಾತ್ರ ಬರೀತಾರೆ. ಬಯೋಮೆಡಿಕಲ್ ವೇಸ್ಟ್ (ಆಸ್ಪತ್ರೆ ಕಸ) ನಿಯಮನೇ ನೋಡಿ. 1998ರಲ್ಲಿ ಕಸಕ್ಕೆ 10 ವರ್ಗ ಇತ್ತು, 2016ರಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕಕ್ಕೆ ಇಳೀತು. ಅದರಲ್ಲೇ ಲ್ಯಾಬ್ ಕಸ, ರಕ್ತದ ಬ್ಯಾಗ್ ಇವನ್ನ ಆಸ್ಪತ್ರೆಯಲ್ಲೇ ಮೊದಲು ಸೋಂಕು ಕಳೆದು ಆಮೇಲೆ ಕಳಿಸಿ, ವಿಶ್ವ ಆರೋಗ್ಯ ಸಂಸ್ಥೆ ಅಥವಾ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಹೇಳಿದ ಹಾಗೆ ಮಾಡಿ ಅಂತಿತ್ತು. ಯಾವ ವರ್ಷದ ಮಾರ್ಗಸೂಚಿ ಅಂತ ಹೇಳಿರ್ಲಿಲ್ಲ. 2018ರ ತಿದ್ದುಪಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2014ರ ಪುಸ್ತಕ ಅಂತ ವರ್ಷನೇ ಹಾಕಿದ್ರು. ವರ್ಷ ಹಾಕದಿದ್ರೆ ನಿಮ್ಮಂಥೋರಿಗೆ ಯಾವುದನ್ನ ಹಿಡೀಬೇಕು ಅನ್ನೋದೇ ಗೊಂದಲ, ಹಾಕಿದ್ರೆ ಅದು ಹಳೇದಾಗ್ತಾ ಹೋಗುತ್ತೆ. ನನ್ನ ಕೇಳಿದ್ರೆ ವರ್ಷ ಇರ್ಲೇಬೇಕು, ಜೊತೆಗೆ ಮೂರು ವರ್ಷಕ್ಕೊಮ್ಮೆ ಮರುಪರಿಶೀಲನೆ ಅನ್ನೋದೂ ನಿಯಮದಲ್ಲೇ ಇರ್ಬೇಕು, ಆ ಕಮಿಟಿಯಲ್ಲಿ ಅಧಿಕಾರಿಗಳು, ಡಾಕ್ಟರುಗಳ ಜೊತೆ ವಾರ್ಡಲ್ಲಿ ಸೂಜಿ ಹಿಡಿಯೋ ನರ್ಸ್‌ಗಳೂ ಲ್ಯಾಬ್ ಟೆಕ್ನಿಷಿಯನ್‌ಗಳೂ ಕೂತ್ಕೋಬೇಕು.

ನೀವು ಈಗ ಮಾಡ್ಬೇಕಾದ್ದು: ಕಾನೂನು ಹೇಳಿದ್ದು ಕಡ್ಡಾಯ, ಅದು ಸುಮ್ಮನಿರೋ ಕಡೆ ಚಾಲ್ತಿಯಲ್ಲಿರೋ ಸ್ಟ್ಯಾಂಡರ್ಡ್ ಹಿಡೀರಿ. ಆ ಸಿಸ್ಟರ್‌ಗೇ ಜವಾಬ್ದಾರಿ ಕೊಟ್ಟು, ಯಾವ ಪದ್ಧತಿ ಯಾವತ್ತು ಯಾಕೆ ಬದಲಾಯ್ತು ಅಂತ ತಾರೀಖು ಸಮೇತ ಫೈಲ್ ಇಡ್ಸಿ. ನಾಳೆ ಕೇಸಾದ್ರೆ ಅದು ಬೇಕಾಗುತ್ತೆ, ಯಾಕಂದ್ರೆ ಘಟನೆ ನಡೆದ ಸಮಯದಲ್ಲಿ ವೃತ್ತಿಯಲ್ಲಿ ಇದ್ದ ತಿಳುವಳಿಕೆ ಇಟ್ಕೊಂಡೇ ನಿರ್ಲಕ್ಷ್ಯ ಅಳೀಬೇಕು ಅಂತ ಜೇಕಬ್ ಮ್ಯಾಥ್ಯೂ ಅನ್ನೋ ಡಾಕ್ಟರ ಮೇಲಿದ್ದ ನಿರ್ಲಕ್ಷ್ಯದ ಕೇಸಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಪ್ರಶ್ನೆ: ನಾನು ರಿಟೈರ್ಡ್ ಸ್ಟಾಫ್ ನರ್ಸ್. ಇಂಥ ನಿಯಮ ಮಾಡೋವಾಗ ನಮ್ಮ ಮಾತು ಯಾರಾದ್ರೂ ಕೇಳ್ತಾರಾ?
– ಶಿವಮೊಗ್ಗದ ಓದುಗರು

ಉತ್ತರ: ಹೇಳೋಕೆ ದಾರಿ ಇದೆ ಅಮ್ಮ. ಈ ಬಯೋಮೆಡಿಕಲ್ ವೇಸ್ಟ್ ನಿಯಮದ ಕರಡನ್ನೇ ಜೂನ್ 2015ರಲ್ಲಿ ಗೆಜೆಟ್‌ನಲ್ಲಿ ಹಾಕಿ ಸಲಹೆ, ಆಕ್ಷೇಪಣೆಗೆ 60 ದಿನ ಕೊಟ್ಟಿದ್ರು, ಯಾರು ಬೇಕಾದ್ರೂ ಬರೀಬಹುದಿತ್ತು, ಅಂತಿಮ ನಿಯಮ ಬಂದಿದ್ದು ಮಾರ್ಚ್ 2016ಕ್ಕೆ. ಮುಂದೆ ಕರಡು ಬಂದಾಗ ನಿಮ್ಮ ವಾರ್ಡಿನ ಅನುಭವ ಬರೆದು ಕಳಿಸಿ, 'ಈ ಸಾಲಲ್ಲಿ ಈ ಪದ ತೆಗೆದು ಇದು ಹಾಕಿ' ಅಂತ ನೇರವಾಗೇ ಬರೀರಿ. ಕನ್ನಡದಲ್ಲಿ ಬರೆದು ಕೊಟ್ರೆ ಇಂಗ್ಲಿಷಿಗೆ ಮಾಡ್ಸೋಕೆ ನಾನು ಸಹಾಯ ಮಾಡ್ತೀನಿ, ಪತ್ರಿಕೆ ವಿಳಾಸಕ್ಕೇ ಕಳಿಸಿ.