ಅದೇ ಗ್ರಹಣ ಪುನಃ ಬರ್ತದಾ?

ಪ್ರಶ್ನೆ: 2023ರ ಅಕ್ಟೋಬರ್ 28ರ ರಾತ್ರಿ ಪಾರ್ಶ್ವ ಚಂದ್ರಗ್ರಹಣ ಆಯ್ತಲ್ಲ, ಅದು 18 ವರ್ಷ ಕಳೆದು ಪುನಃ ಬರ್ತದೆ ಅಂತ ಶಾಲೆಯ ಮಾಷ್ಟ್ರು ಹೇಳಿದ್ರಂತೆ, ಮಗಳು ಬಂದು ಹೇಳಿದ್ಳು. ಹಾಗಾದ್ರೆ 2041ರಲ್ಲಿ ನಮ್ಮ ಅಂಗಳದಿಂದ ಕಾಣ್ಬಹುದಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಮಾಷ್ಟ್ರು ಹೇಳಿದ್ದು ಸರಿಯೇ, ಆದ್ರೆ ಅಂಗಳದಲ್ಲಿ ಕೂತು ಪ್ರಯೋಜನ ಇಲ್ಲ ಮಾರಾಯ್ರೆ. ಸರಿಯಾದ ಲೆಕ್ಕ 18 ವರ್ಷ 11 ದಿನ, ಮೇಲಿಂದ ಸುಮಾರು 8 ಗಂಟೆ, ಇದಕ್ಕೆ ಸಾರೋಸ್ ಚಕ್ರ ಅಂತಾರೆ. ಅಷ್ಟ್ರಲ್ಲಿ 223 ಹುಣ್ಣಿಮೆ ಮುಗೀತದೆ, ಪಂಚಾಂಗದವ್ರು ರಾಹು ಕೇತು ಅಂತಾರಲ್ಲ, ಅಂದ್ರೆ ಚಂದ್ರನ ದಾರಿ ಸೂರ್ಯನ ದಾರಿಯನ್ನ ದಾಟುವ ಜಾಗ, ಆ ಲೆಕ್ಕದಲ್ಲೂ ಚಂದ್ರ 242 ಸುತ್ತು ಮುಗಿಸಿ ಹೆಚ್ಚುಕಮ್ಮಿ ಮೊದಲಿದ್ದಲ್ಲಿಗೇ ಬಂದಿರ್ತಾನೆ, ಭೂಮಿಗೆ ಹತ್ತಿರ ದೂರ ಆಗೋದೂ 239 ಸಲ ಆಗಿರ್ತದೆ. ಮೂರೂ ಒಟ್ಟಿಗೆ ಕೂಡಿ ಬರೋದ್ರಿಂದ್ಲೇ ಗ್ರಹಣ ಹಿಂದಿನದ್ದರ ಹಾಗೇ ಇರೋದು.

ಕಿರಿಕಿರಿ ಇರೋದು ಆ 8 ಗಂಟೆಯಲ್ಲಿ. ಭೂಮಿ ಮೂರನೇ ಒಂದು ಸುತ್ತು ಹೆಚ್ಚು ತಿರುಗಿಬಿಡ್ತದೆ, ಗ್ರಹಣ ಬೇರೆ ದೇಶದವ್ರ ಪಾಲು. 2023ರದ್ದು ನಮಗೆ ರಾತ್ರಿ 1:44ಕ್ಕೆ ಜೋರಿತ್ತು, ಜೋರು ಅಂದ್ರೂ ನೆರಳು ಮುಚ್ಚಿದ್ದು ಚಂದ್ರನ ಅಗಲದಲ್ಲಿ ಬರೀ 12%. ಅದರ ಹಿಂದಿನದ್ದು 2005ರ ಅಕ್ಟೋಬರ್ 17, ಸಂಜೆ ಐದೂವರೆ, ಕಾಸರಗೋಡಲ್ಲಿ ಚಂದ್ರ ಹುಟ್ಟುವ ಮೊದಲೇ ಕತೆ ಮುಗಿದಿತ್ತು. 2041ರ ನವೆಂಬರ್ 8ರದ್ದು ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ, ಚಂದ್ರ ಎಲ್ಲಿ ಕಾಣ್ಬೇಕು? ಮೂರು ಚಕ್ರ ಅಂದ್ರೆ 54 ವರ್ಷ ಕಳೆದ್ರೆ 8 ಗಂಟೆಗಳು ಸೇರಿ ಒಂದು ದಿನ ಆಗ್ತದೆ, 2077ರ ನವೆಂಬರ್ 30ರ ಬೆಳಗಿನ ಜಾವ ಪುನಃ ನಮ್ಮ ಕಡೆಗೇ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ರೆ ಈ ಚಕ್ರಕ್ಕೆ ಸೇರದ ಬೇರೆ ಗ್ರಹಣ ಒಂದಿದೆ, 2028ರ ಜುಲೈ 6ರ ನಡುರಾತ್ರಿ, ಮಳೆ ಬಿಟ್ರೆ!